ನಾಲ್ಕು ಅಂಕ

ಹೆಂಡತಿಯ ಕೆಲಸ ಕಳೆದ ಪಟ್ಟಿಯನ್ನು ಟೈಪ್ ಮಾಡಿದವನು ಅವನೇ. ಹದಿನೇಳನೆಯ ಸಾಲು ಅವಳದು. ಹನ್ನೊಂದು ವರ್ಷ ಒಂದನೇ ತರಗತಿಯ ಮಕ್ಕಳ ಕೈಹಿಡಿದು ಅಕ್ಷರ ತಿದ್ದಿಸಿದ ತಾತ್ಕಾಲಿಕ ಶಿಕ್ಷಕಿ. ಒಂದು ದಿನ ಮೇಲಿನಿಂದ ಆದೇಶ ಬಂತು. ತರಬೇತಿ ಆಗದವರು ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುವಂತಿಲ್ಲ; ಗಣಿತದಲ್ಲಿ ನೂರಕ್ಕೆ ನಲವತ್ತೈದು ಇಲ್ಲದವರನ್ನು ತರಬೇತಿಗೆ ಸೇರಿಸಿಕೊಳ್ಳುವಂತಿಲ್ಲ. ಅವಳಿಗೆ ಎಂದೋ ಓದುವ ಕಾಲದಲ್ಲಿ ಬಂದಿದ್ದು ಮೂವತ್ತೆಂಟು. ಶಿಕ್ಷಕರ ತರಬೇತಿ ಸಂಸ್ಥೆಯ ಪ್ರವೇಶ ವಿಭಾಗದಲ್ಲಿ ಗುಮಾಸ್ತನಾಗಿದ್ದ ಗಂಡ, ಅನರ್ಹರ ಪಟ್ಟಿಯನ್ನು ಒಂದೂ ತಪ್ಪಿಲ್ಲದೆ ಟೈಪ್ ಮಾಡಿ, ಮೂರು ಪ್ರತಿ ತೆಗೆದು, ಸಹಿಗೆ ಇಟ್ಟು ಮನೆಗೆ ಹೋದ. ಸುದ್ದಿ ಹೇಳಬೇಕಾದವನೂ ಅವನೇ. ಅವಳು ಜಗಳವಾಡಲಿಲ್ಲ, ಅಳಲೂ ಇಲ್ಲ. ಪಟ್ಟಿಯಲ್ಲಿ ನನ್ನ ಹೆಸರು ಸರಿಯಾಗಿ ಬರೆದಿದ್ದೀರಿ ತಾನೇ ಎಂದು ಮಾತ್ರ ಕೇಳಿದಳು.

ನಾಲ್ಕು ವರ್ಷದ ಮೇಲೆ ಕಾಯಿಲೆ ಬಿದ್ದು ತೀರಿಕೊಂಡಳು. ಕಾಯಿಲೆಗೂ ಕೆಲಸ ಹೋಗಿದ್ದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರು. ಡಾಕ್ಟರಿಗೇನು ಗೊತ್ತು, ಅವರು ಆ ಪಟ್ಟಿ ಟೈಪ್ ಮಾಡಿದವರಲ್ಲ. ಅವಳ ಸೀಮೆಸುಣ್ಣದ ಡಬ್ಬಿ ಮಾತ್ರ ಕಿಟಕಿಯ ಕಟ್ಟೆಯ ಮೇಲೆ ಹಾಗೇ ಉಳಿಯಿತು. ಸ್ವಲ್ಪ ದಿನದಲ್ಲಿ ಅದು ಮಗಳ ಕೈಗೆ ಹೋಯಿತು.

ಮಗಳು ಮನೆಯ ಮೆಟ್ಟಿಲ ಮೇಲೆ ಶಾಲೆ ಶುರು ಮಾಡಿದಳು. ಅವರಿದ್ದ ಕಟ್ಟಡಕ್ಕೆ ಮೂರು ಮಹಡಿ. ಅಕ್ಕಪಕ್ಕದ ಮನೆಗಳ ಮಕ್ಕಳೆಲ್ಲ ಶಾಲೆ ಬಿಟ್ಟ ಮೇಲೆ ಒಂದೊಂದು ಮೆಟ್ಟಿಲಲ್ಲಿ ಒಬ್ಬೊಬ್ಬರಂತೆ ಕೂರುತ್ತಿದ್ದರು. ಅವಳಿಗೆ ಮೆಟ್ಟಿಲಕ್ಕ ಎಂದು ಹೆಸರಿಟ್ಟಿದ್ದರು. ಕೂಡುವುದು ಎಂದರೆ ಮೇಲೆ ಹತ್ತುವುದು, ಕಳೆಯುವುದು ಎಂದರೆ ಕೆಳಗಿಳಿಯುವುದು. ಭಿನ್ನರಾಶಿಗೆ ಹಳೇ ಪೇಪರ್ ಮಡಿಸಿ ಹರಿದು ತೋರಿಸುವಳು. ಕೆಳಗಿನ ಮನೆಯ ದಡ್ಡ ಎನಿಸಿಕೊಂಡ ಹುಡುಗಿಯೊಬ್ಬಳು ಮೂರು ತಿಂಗಳಲ್ಲಿ ಮಗ್ಗಿ ಒಪ್ಪಿಸಿದಾಗ, ಅವಳ ಅಮ್ಮ ಇವಳ ಕೈ ಹಿಡಿದು ಅತ್ತುಬಿಟ್ಟಿದ್ದರು. ಇಂಥವಳಿಗೆ ಪರೀಕ್ಷೆಯಲ್ಲಿ, ಗಣಿತದಲ್ಲಿ, ಬಂದದ್ದು ನಲವತ್ತೊಂದು.

ಫಲಿತಾಂಶ ಬಂದ ದಿನ ಅವಳು ಅಂಕಪಟ್ಟಿಯನ್ನು ಮೇಜಿನ ಮೇಲಿಟ್ಟು ಅದನ್ನೇ ನೋಡುತ್ತ ಕೂತಿದ್ದಳು. ಕೊನೆಯ ಪುಟದ ದೊಡ್ಡ ಲೆಕ್ಕ ಖಂಡಿತ ಸರಿ ಮಾಡಿದ್ದೆ, ಮರುಎಣಿಕೆಗೆ ಹಾಕೋಣ ಎಂದಳು. ಅವನು ಬೇಡವೆಂದ. ಎಲ್ಲರಿಗೂ ಖಂಡಿತವೇ ಇರುತ್ತದೆ ಮಗಳೇ, ಬೋರ್ಡಿನವರು ತಮ್ಮ ತಪ್ಪು ಒಪ್ಪಿಕೊಂಡದ್ದು ನಾನಂತೂ ನೋಡಿಲ್ಲ, ಸುಮ್ಮನೆ ಆಸೆ ಇಟ್ಟುಕೊಂಡು ಇನ್ನೊಂದು ಸಲ ಅಳಬೇಡ ಎಂದ. ಪೂರ್ತಿ ಸುಳ್ಳೇನಲ್ಲ. ಮರುಎಣಿಕೆಯಲ್ಲಿ ಅಂಕ ಏರಿದವರಿಗೆಂದು ಸಂಸ್ಥೆ ಪ್ರತಿ ವರ್ಷ ಎರಡು ಸೀಟು ಕಾದಿಡುತ್ತಿತ್ತು. ಅವನ ಇಪ್ಪತ್ತೊಂಬತ್ತು ವರ್ಷದ ನೌಕರಿಯಲ್ಲಿ ಅವು ತುಂಬಿದ್ದು ಮೂರೇ ಸಲ. ಪಾಸಾದವರಿಗೆ ಮರುಪರೀಕ್ಷೆ ಇಲ್ಲ. ಮುಂದಿನ ವರ್ಷದಿಂದಲೋ, ಪದವಿ ಆಗದವರಿಗೆ ಬಾಗಿಲೇ ಇಲ್ಲ. ಆ ಪ್ರಕಟಣೆಯನ್ನೂ ಹೋದ ತಿಂಗಳು ಅವನೇ ಟೈಪ್ ಮಾಡಿದ್ದ. ತಾಯಿಗೆ ಏಳು ಅಂಕ, ಮಗಳಿಗೆ ನಾಲ್ಕು. ಈ ಮನೆಯ ಹೆಂಗಸರನ್ನು ಹೊರಗೆ ನಿಲ್ಲಿಸುವ ಕಾಗದಗಳೆಲ್ಲ ನನ್ನ ಕೈಯಿಂದಲೇ ಹೋಗಬೇಕೇ ಎಂದು ಅವನಿಗೆ ಹೊಟ್ಟೆ ಉರಿಯಿತು. ಹಾಗಾದರೆ ಒಂದೇ ಒಂದು ಕಾಗದ ಒಳಗೆ ಕರೆಯುವಂಥದ್ದೂ ಈ ಕೈಯಿಂದಲೇ ಹೋಗಲಿ.

ಕಚೇರಿಯಲ್ಲಿ ಅವನನ್ನು ಎಲ್ಲರೂ ಫೈಲಣ್ಣ ಎನ್ನುತ್ತಿದ್ದರು. ಮೊದಮೊದಲು ತಮಾಷೆಗೆ ಕರೆದದ್ದು, ಆಮೇಲೆ ಅದೇ ಹೆಸರಾಯಿತು. ಯಾವ ಕಾಗದ ಎಲ್ಲಿ ಹುಟ್ಟಿ, ಯಾರ ಮೇಜಿನ ಮೇಲೆ ಎಷ್ಟು ದಿನ ಮಲಗಿ, ಯಾವ ಕಪಾಟಿನಲ್ಲಿ ಸಾಯುತ್ತದೆ ಎಂಬುದು ಅವನಿಗೆ ಅಂಗೈಯ ಗೆರೆಯಷ್ಟು ಗೊತ್ತು. ಆದ್ದರಿಂದ ಯೋಜನೆ ಹಾಕಲು ಅವನಿಗೆ ಬಹಳ ದಿನ ಬೇಕಾಗಲಿಲ್ಲ. ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿ ಕೈ ತೊಳೆದು ಬರುವಷ್ಟರಲ್ಲಿ ಅದು ತಲೆಯಲ್ಲಿ ಪೂರ್ತಿಯಾಗಿತ್ತು.

ಅಭ್ಯರ್ಥಿಯ ಅಂಕವನ್ನು ಸಂಸ್ಥೆ ಎರಡೇ ಕಾಗದದಲ್ಲಿ ನೋಡುತ್ತದೆ. ಒಂದು, ಅಂಕಪಟ್ಟಿಯ ನಕಲು. ಪ್ರಾಂಶುಪಾಲರು ಅದರ ಮೇಲೆ ‘ಮೂಲ ಪ್ರತಿ ನೋಡಿದ್ದೇನೆ’ ಎಂದು ಸಹಿ ಹಾಕುತ್ತಾರೆ. ಮೂಲ ಪ್ರತಿ ಅಭ್ಯರ್ಥಿಯ ಮನೆಗೆ ವಾಪಸು ಹೋಗುತ್ತದೆ. ಇನ್ನೊಂದು, ಪರೀಕ್ಷಾ ಬೋರ್ಡಿನಿಂದ ಬರುವ ತಾಳೆಪಟ್ಟಿ. ಅರ್ಜಿ ಹಾಕಿದವರೆಲ್ಲರ ಅಂಕ ಅದರಲ್ಲಿರುತ್ತದೆ. ಕಂಪ್ಯೂಟರು ಬಂದು ಎಷ್ಟೋ ವರ್ಷವಾದರೂ ತಾಳೆ ನೋಡುವುದು ಕಾಗದದ ಮೇಲೆಯೇ. ಹದಿನಾಲ್ಕು ಹಾಳೆ, ಮೂಲೆಯಲ್ಲಿ ತೂತು, ತೂತಿನಲ್ಲಿ ದಾರ. ಮುದ್ರೆ ಮಾತ್ರ ಮೊದಲ ಹಾಳೆಗೂ ಕೊನೆಯ ಹಾಳೆಗೂ. ನಡುವಿನ ಹನ್ನೆರಡು ಹಾಳೆ ದೇವರ ಮೇಲೆ ಭಾರ ಹಾಕಿ ಬಂದಂಥವು.

ಎರಡೂ ಒಂದೇ ಅಂಕ ಹೇಳಿದರೆ ಅದೇ ನಿಜ. ಮೂಲ ಪ್ರತಿಯನ್ನು ಆಮೇಲೆ ಯಾರೂ ಕೇಳುವುದಿಲ್ಲ. ಎರಡು ವರ್ಷ ಕಳೆದು ತರಬೇತಿಯ ಪ್ರಮಾಣಪತ್ರ ಕೈಗೆ ಬಂದ ಮೇಲಂತೂ, ಗಣಿತದಲ್ಲಿ ಎಷ್ಟು ಬಂದಿತ್ತು ಎಂದು ಕೇಳುವವರು ಹುಟ್ಟಿಯೇ ಇಲ್ಲ.

ಅಪಾಯ ಅವನಿಗೆ ಗೊತ್ತಿರಲಿಲ್ಲ ಎಂದಲ್ಲ. ನಿಯಮದ ಒಂಬತ್ತನೇ ಕಲಂ ಇತ್ತು. ದಾಖಲೆಯಲ್ಲಿ ತಿದ್ದುಪಡಿ ಕಂಡುಬಂದರೆ, ತಿದ್ದಿದವರು ಯಾರೇ ಆಗಿರಲಿ, ಆ ಅಭ್ಯರ್ಥಿಯನ್ನು ಮುಂದೆಂದೂ ತರಬೇತಿಗೆ ಪರಿಗಣಿಸತಕ್ಕದ್ದಲ್ಲ. ‘ಯಾರೇ ಆಗಿರಲಿ’ ಎಂಬ ಮಾತು ಸೇರಿಸಿಕೊಟ್ಟವನು ಅವನೇ. ಹಿಂದೊಮ್ಮೆ ಒಬ್ಬ ತಂದೆ ಅಂಕ ತಿದ್ದಿ ಸಿಕ್ಕಿಬಿದ್ದು, ಮಗನಿಗೆ ಏನೂ ಗೊತ್ತಿಲ್ಲ ಸ್ವಾಮಿ ಎಂದು ಇದೇ ಕಚೇರಿಯ ಬಾಗಿಲಲ್ಲಿ ಗೋಗರೆದಿದ್ದ. ಆ ಕರಡು ಬರೆಯುವಾಗ ಫೈಲಣ್ಣನಿಗೆ ಆ ತಂದೆಯ ಮೇಲೆ ಮರುಕವೇನೂ ಹುಟ್ಟಿರಲಿಲ್ಲ. ಆ ಮನುಷ್ಯ ನೀಲಿ ಶಾಯಿಯ ಮೇಲೆ ಕಪ್ಪು ಶಾಯಿಯಲ್ಲಿ ತಿದ್ದಿದ್ದ. ಅಷ್ಟು ಪೆದ್ದನಾದರೆ ಹೀಗೇ ಆಗುವುದು ಎಂದು ಇವನು ಅಂದುಕೊಂಡಿದ್ದ.

ಫೈಲಣ್ಣ ಪೆದ್ದನಲ್ಲ. ನಲವತ್ತೊಂದನ್ನು ನಲವತ್ತೈದು ಮಾಡಲು ಹೋಗಲಿಲ್ಲ. ಗಡಿಯ ಮೇಲೆ ನಿಂತವರನ್ನು ಎಲ್ಲರೂ ಎರಡು ಸಲ ನೋಡುತ್ತಾರೆ. ಅಂಕಪಟ್ಟಿಯ ನಕಲಿನಲ್ಲಿ ನಲವತ್ತೇಳು ಮಾಡಿದ. ನಲವತ್ತೇಳು ಎಂದರೆ ಯಾರ ಕಣ್ಣಿಗೂ ಬೀಳದ, ನೆನಪಿನಲ್ಲೂ ಉಳಿಯದ ಸಪ್ಪೆ ಅಂಕ. ಒಟ್ಟು ಮೊತ್ತ ಮುನ್ನೂರ ಐವತ್ತಮೂರು ಇದ್ದದ್ದು ಮುನ್ನೂರ ಐವತ್ತೊಂಬತ್ತಾಗಬೇಕು; ಅಂಕಿಯಲ್ಲೂ, ಅಕ್ಷರದಲ್ಲೂ. ಕೂಡುವುದನ್ನು ಮರೆತು ಸಿಕ್ಕಿಬಿದ್ದವರು ಎಷ್ಟು ಜನ. ಅವನು ಮೂರು ಸಲ ಕೂಡಿ ನೋಡಿದ.

ಮಗಳಿಗೆ ಇದರ ವಾಸನೆಯೂ ಬಡಿಯಬಾರದು. ಅವಳಿಗೊಂದು ಬೇರೆ ಕತೆ ಬೇಕಿತ್ತು. ಈ ವರ್ಷ ಅರ್ಜಿಗಳು ಕಡಿಮೆ, ಗಣಿತದ ಅಂಕವನ್ನು ನಲವತ್ತಕ್ಕೆ ಇಳಿಸುತ್ತಾರಂತೆ, ಕಚೇರಿಯಲ್ಲಿ ಮಾತಾಗಿದೆ, ನೀನು ಅರ್ಜಿ ತುಂಬು ಎಂದ. ಅವಳು ಕುಣಿದಾಡುತ್ತಾಳೆ ಎಂದುಕೊಂಡಿದ್ದ. ಅವಳ ಮುಖ ಸಣ್ಣದಾಯಿತು.

"ಹಾಗಾದ್ರೆ ನಾನು ಗೆದ್ದು ಹೋಗ್ತಾ ಇಲ್ಲ," ಎಂದಳು. "ಪಾಪ ಅಂತ ಒಳಗೆ ಬಿಟ್ಕೊಳ್ತಾ ಇದಾರೆ."

"ಹೇಗೋ ಒಂದು, ಒಳಗೆ ಹೋದ್ರೆ ಸಾಕಲ್ವಾ?"

"ಸಾಕಪ್ಪ," ಎಂದಳು. ಆದರೆ ಆ ಸಂಜೆ ಮೆಟ್ಟಿಲ ಶಾಲೆಯಲ್ಲಿ ಅವಳ ದನಿ ಎಂದಿನಂತಿರಲಿಲ್ಲ. ಎರಡು ವರ್ಷ ಹೋಗಲಿ, ತರಗತಿಯಲ್ಲಿ ನಿಂತ ದಿನ ಇದೆಲ್ಲ ಮರೆತುಹೋಗುತ್ತದೆ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಅರ್ಜಿಯ ನಮೂನೆಯೂ ಅವನ ಕೈಕೂಸೇ. ನಾಲ್ಕು ಹಾಳೆ, ಅಭ್ಯರ್ಥಿಗೆ ಹದಿನೆಂಟು ತುಂಬದಿದ್ದರೆ ಪೋಷಕರು ಐದು ಕಡೆ ಸಹಿ ಹಾಕಬೇಕು. ಮಗಳಿಗೆ ಹದಿನೆಂಟಾಗಲು ಇನ್ನೂ ಎರಡು ತಿಂಗಳಿತ್ತು. ಭಾನುವಾರ ಬೆಳಿಗ್ಗೆ ಅವಳು ಕಾಗದಗಳ ಕಟ್ಟು ಹಿಡಿದು ಅಡುಗೆಮನೆಗೆ ಬಂದಳು. ಅವನು ಒಂದು ಕೈಯಲ್ಲಿ ಚಹಾ ಹಿಡಿದು, ಇನ್ನೊಂದು ಕೈ ಚಾಚಿ ಪೆನ್ನು ಇಸಕೊಂಡ. ತಲೆಯೆಲ್ಲ ತಾಳೆಪಟ್ಟಿಯ ಎಂಟನೇ ಹಾಳೆಯಲ್ಲಿತ್ತು. ಮಗಳ ಪರೀಕ್ಷಾ ಸಂಖ್ಯೆ ಬರುವುದು ಅದರಲ್ಲೇ ಎಂದು ಅವನ ಲೆಕ್ಕ.

"ಓದಿ ಹಾಕಪ್ಪ," ಎಂದಳು ಅವಳು.

ಅವನಿಗೆ ನಗು ಬಂತು. ಈ ಅರ್ಜಿ ಬರೆದವನೇ ನಾನು, ಓದುವುದೇನು ಬಂತು, ಎಲ್ಲಿ ಹಾಕಬೇಕು ತೋರಿಸು ಎಂದ. ಅವಳು ಒಂದು ಗಳಿಗೆ ತಡೆದು, ಬೆರಳಿಟ್ಟು ತೋರಿಸಿದಳು. ಬೆರಳು ಮುಂದೆ, ಪೆನ್ನು ಹಿಂದೆ. ಆರನೇ ಸಹಿಯ ಬಾಲ ಎಳೆದು ಪೆನ್ನು ಮುಚ್ಚುವಾಗ ಚಹಾ ತಣ್ಣಗಾಗಿತ್ತು. ಅವಳು ಕಾಗದ ಜೋಡಿಸಿಕೊಂಡು, ಏನೋ ಹೇಳಲು ಹೊರಟವಳ ಹಾಗೆ ಬಾಗಿಲಲ್ಲಿ ನಿಂತು, ಹೇಳದೆ ಹೋದಳು. ಅಮ್ಮನ ನೆನಪಾಗಿರಬೇಕು ಎಂದುಕೊಂಡ.

ಮುಂದಿನದೆಲ್ಲ ಹೂವೆತ್ತಿದಂತೆ ನಡೆಯಿತು. ತಾಳೆಪಟ್ಟಿ ಅಂಚೆಯಲ್ಲಿ ಬಂದ ದಿನ ಅದನ್ನು ಒಡೆದವನು ಅವನೇ, ಅದು ಅವನ ಕೆಲಸವೇ. ಊಟದ ಹೊತ್ತಿನಲ್ಲಿ ಎಲ್ಲರೂ ಹೊರಗಿನ ಬೆಂಚಿಗೆ ಹೋದಾಗ ದಾರ ಬಿಚ್ಚಿ ಎಂಟನೇ ಹಾಳೆ ತೆಗೆದು, ಹೊಸದೊಂದನ್ನು ಮುದ್ರಿಸಿ ಅದರ ಜಾಗಕ್ಕೆ ಇಟ್ಟ. ಅದೇ ಅಕ್ಷರ, ಅದೇ ಗಾತ್ರ, ಅಷ್ಟೇ ಮಾಸಲು ಕಾಗದ. ಬೋರ್ಡಿನ ಪ್ರಿಂಟರಿನಲ್ಲಿ ಎಡಗಡೆ ಒಂದು ಗೆರೆ ಮಸುಕಾಗುತ್ತಿತ್ತು, ಅದನ್ನೂ ಬಿಡಲಿಲ್ಲ. ಮೂವತ್ತು ಹೆಸರು, ಮೂವತ್ತರ ಅಂಕ, ಅದರಲ್ಲಿ ಒಂದು ಮಾತ್ರ ಸುಳ್ಳು. ದಾರವನ್ನು ಮೊದಲಿನ ಗಂಟಿನ ಗುರುತಿಗೇ ಸರಿಯಾಗಿ ಕಟ್ಟಿದ.

ಸಹಿಗೆ ಅವನು ಆರಿಸಿಕೊಂಡದ್ದು ಕೊನೆಯ ದಿನ. ಪ್ರಾಂಶುಪಾಲರಿಗೆ ಹೊರಗೆ ಸಭೆ ಇತ್ತು. ಕಾರು ಬಾಗಿಲಲ್ಲಿ ನಿಂತಿತ್ತು. ಸಹಿಗೆ ಉಳಿದಿದ್ದ ತೊಂಬತ್ತಮೂರು ನಕಲುಗಳ ಕಟ್ಟನ್ನು ಮುಂದಿಟ್ಟ. ಒಳ್ಳೆಯ ಹೆಂಗಸು, ಯಾರನ್ನೂ ಬೈದವರಲ್ಲ, ಆದರೆ ಇಷ್ಟು ಸಹಿ ಹಾಕುವವರು ಯಾರು ತಾನೇ ಓದುತ್ತಾರೆ. "ಎಲ್ಲಿ ಹಾಕ್ಬೇಕು ತೋರಿಸ್ತಾ ಹೋಗಿ," ಎಂದರು. ಅವನು ಮೂಲೆ ಮಡಚುತ್ತ ಬೆರಳಿಟ್ಟು ತೋರಿಸಿದ. ಮಗಳದು ಅರವತ್ತೆರಡನೆಯದು. ಅರವತ್ತೆರಡನೆಯದಕ್ಕೆ ಅವರು ಗಡಿಯಾರ ನೋಡುತ್ತ ಸಹಿ ಹಾಕಿದರು. ಮನುಷ್ಯರು ಕಾಗದ ಓದುವುದಿಲ್ಲ, ಬೆರಳು ನೋಡುತ್ತಾರೆ. ಈ ಒಂದು ಗುಟ್ಟಿನ ಮೇಲೆ ಅವನ ಯೋಜನೆಯೆಲ್ಲ ನಿಂತಿತ್ತು, ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ.

ಇನ್ನೊಂದು ಎಚ್ಚರಿಕೆಯನ್ನೂ ಅವನು ತೆಗೆದುಕೊಂಡಿದ್ದ. ಅದರ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆ. ನನ್ನ ಮಗಳು ಅರ್ಜಿ ಹಾಕಿದ್ದಾಳೆ, ಅವಳ ಫೈಲನ್ನು ನಾನು ಮುಟ್ಟುವುದು ಸರಿಯಲ್ಲ, ಬೇರೆಯವರು ತಾಳೆ ನೋಡಲಿ ಎಂದು ಬರೆದುಕೊಟ್ಟ. ಮುಚ್ಚಿಟ್ಟದ್ದನ್ನು ಜನ ಹುಡುಕುತ್ತಾರೆ, ಮುಂದಿಟ್ಟದ್ದನ್ನು ಯಾರೂ ಹುಡುಕುವುದಿಲ್ಲ. ಪಕ್ಕದ ಮೇಜಿನ ಗುಮಾಸ್ತೆ ನಕಲನ್ನೂ ಎಂಟನೇ ಹಾಳೆಯನ್ನೂ ಪಕ್ಕಪಕ್ಕದಲ್ಲಿಟ್ಟು, ಪ್ರತಿ ಅಂಕಿಯ ಮೇಲೂ ಪೆನ್ಸಿಲ್ ಆಡಿಸಿ, ‘ತಾಳೆಯಾಗಿದೆ’ ಎಂದು ಬರೆದಳು. "ಫೈಲಣ್ಣ, ನಿಮ್ಮಂಥ ನಿಯತ್ತಿನವರು ಇನ್ನೊಬ್ಬರು ಸಿಗಲ್ಲ ಬಿಡಿ," ಎಂದಳು. ಅವನು ತಲೆ ತಗ್ಗಿಸಿದ. ವಿನಯ ಎಂದುಕೊಂಡಳು.

ಆಯ್ಕೆಪಟ್ಟಿ ಟೈಪ್ ಮಾಡುವಾಗ ಮಗಳ ಹೆಸರಿಗೆ ಬಂದಾಗ ಅವನ ಕಣ್ಣು ಮಂಜಾಯಿತು. ಹದಿನೇಳನೆಯ ಸಾಲಿನ ಮೇಲೆ ಅದು ಬಿದ್ದದ್ದು ಆಕಸ್ಮಿಕವೇ. ಅಷ್ಟು ಹೊತ್ತು ಅವನು ಒಂದು ಕ್ಷಣವೂ ಹೆದರಿರಲಿಲ್ಲ; ಆಗ ಮಾತ್ರ ಒಂದೊಂದೇ ಅಕ್ಷರ ಹುಡುಕಿ ಒತ್ತಿದ. ನೋಡು, ಹೆಸರು ಸರಿಯಾಗಿ ಬರೆದಿದ್ದೇನೆ ಎಂದು ಹೆಂಡತಿಗೆ ಮನಸ್ಸಿನಲ್ಲೇ ಹೇಳಿದ. ಯಾಕೋ ಅದರಿಂದ ನೆಮ್ಮದಿ ಸಿಗಲಿಲ್ಲ. ಅವಳಾಗಿದ್ದರೆ ಇದಕ್ಕೆ ಒಪ್ಪುತ್ತಿರಲಿಲ್ಲ ಎಂಬುದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು.

ತರಗತಿಗಳು ಶುರುವಾದವು. ಮಗಳು ಬೆಳಿಗ್ಗೆ ಅವನ ಜೊತೆಯಲ್ಲೇ ಬಸ್ಸು ಹತ್ತುವಳು, ಸಂಸ್ಥೆಯ ಗೇಟಿನ ಹತ್ತಿರ ಮಾತ್ರ ಹತ್ತು ಹೆಜ್ಜೆ ಹಿಂದುಳಿಯುವಳು. ಗುಮಾಸ್ತರ ಮಗಳು ಎಂದು ಯಾರೂ ಆಡಬಾರದಲ್ಲ. ಅವಳ ಮೊದಲ ಅಭ್ಯಾಸಪಾಠದ ದಿನ ಅವನು ಫೈಲು ಹಿಡಿದು ಬೇಕೆಂದೇ ಆ ಹಜಾರದಲ್ಲಿ ಹೋದ. ಕಿಟಕಿಯಲ್ಲಿ ಕಂಡಿತು. ಮೂವತ್ತು ಚಿಕ್ಕ ಮಕ್ಕಳು, ಹಲಗೆಯ ಮೇಲೆ ಅವಳು ಬರೆದ ಮೆಟ್ಟಿಲಿನ ಚಿತ್ರ, ಪ್ರತಿ ಮೆಟ್ಟಿಲಿಗೂ ಒಂದು ಅಂಕಿ. ತಾಯಿಯಂತೆಯೇ ಎಡಗೈಯನ್ನು ಸೊಂಟಕ್ಕೆ ಕೊಟ್ಟು ನಿಂತಿದ್ದಳು. ಹಿಂದಿನ ಸಾಲಿನ ಮಗುವೊಂದು ತಪ್ಪು ಉತ್ತರ ಹೇಳಿ ಮುಖ ಮುಚ್ಚಿಕೊಂಡಿತು; ಅವಳು ಹೋಗಿ ಅದರ ಪಕ್ಕದಲ್ಲಿ ನೆಲದ ಮೇಲೆಯೇ ಕೂತುಬಿಟ್ಟಳು. ಪಾಠ ನೋಡಲು ಬಂದಿದ್ದ ಪ್ರಾಂಶುಪಾಲರು ಪುಸ್ತಕದಲ್ಲಿ ಏನೋ ಬರೆದುಕೊಂಡರು. ಅವನು ಹಜಾರದ ಕೊನೆಯವರೆಗೆ ನಡೆದು, ನೀರಿನ ನಲ್ಲಿಯ ಹತ್ತಿರ ನಿಂತು ಅತ್ತ. ಮಾಡಿದ್ದಕ್ಕೆ ಪಶ್ಚಾತ್ತಾಪ ಪಡಬೇಕೆಂದು ಪ್ರಯತ್ನಿಸಿದ, ಆಗಲಿಲ್ಲ.

ಏಳನೇ ವಾರ, ಒಂದು ಮಂಗಳವಾರ, ಬಸ್ಸಿನಲ್ಲಿ ಮಗಳು ಸುಮ್ಮಸುಮ್ಮನೆ ನಗುತ್ತಿದ್ದಳು. ಏನು ಎಂದು ಕೇಳಿದರೆ ಹೇಳಲಿಲ್ಲ. "ಸಂಜೆ ಬೇಗ ಬಾ. ನಿಂಗೊಂದು ವಿಷಯ ಹೇಳ್ಬೇಕು. ನೀನು ಬೈಯೋ ಹಾಗಿಲ್ಲ," ಎಂದಳು. ಅಭ್ಯಾಸಪಾಠಕ್ಕೆ ಒಳ್ಳೆಯ ಅಂಕ ಬಂದಿರಬೇಕು. ಇಷ್ಟು ಖುಷಿ ಅವಳ ಮುಖದಲ್ಲಿ ನೋಡಿ ಎಷ್ಟು ವರ್ಷವಾಗಿತ್ತೋ. ಅವನೂ ನಕ್ಕ.

ಹನ್ನೊಂದು ಗಂಟೆಗೆ ಪ್ರಾಂಶುಪಾಲರು ಕರೆದರು. ಮೇಜಿನ ಮೇಲೆ ಮಗಳ ಫೈಲು ಬಿಚ್ಚಿತ್ತು, ತಾಳೆಪಟ್ಟಿಯೂ ಇತ್ತು. ಕೂತ್ಕೊಳ್ಳಿ ಎಂದರು. ಇಪ್ಪತ್ತೊಂಬತ್ತು ವರ್ಷದಲ್ಲಿ ಆ ಕೋಣೆಯಲ್ಲಿ ಯಾರೂ ಅವನಿಗೆ ಕೂತ್ಕೊಳ್ಳಿ ಎಂದಿರಲಿಲ್ಲ.

ಬೋರ್ಡಿನಿಂದ ಕಾಗದ ಬಂದಿದೆ ಎಂದರು. ನಿಮ್ಮ ಮಗಳ ಗಣಿತದ ಉತ್ತರಪತ್ರಿಕೆಯಲ್ಲಿ ಕೊನೆಯ ಪುಟದ ಒಂದು ಲೆಕ್ಕವನ್ನು ಎಣಿಸುವುದು ಬಿಟ್ಟುಹೋಗಿತ್ತಂತೆ. ಹನ್ನೊಂದು ಅಂಕ. ತಪ್ಪಾಯಿತು ಎಂದು ಬರೆದಿದ್ದಾರೆ.

"ಬೆಳಿಗ್ಗೆ ಇದನ್ನ ನೋಡಿ ನಂಗೆ ಎಷ್ಟು ಸಂತೋಷ ಆಯ್ತು ಗೊತ್ತಾ," ಎಂದರು. ಅವರ ದನಿಯಲ್ಲಿ ಸಂತೋಷ ಇರಲಿಲ್ಲ. "ಅಂಥ ಹುಡುಗಿಗೆ ಐವತ್ತೆರಡು. ಕಾದಿಟ್ಟ ಎರಡು ಸೀಟೂ ಇನ್ನೂ ಖಾಲಿನೇ ಇವೆ. ಯಾರ ಹಂಗೂ ಇಲ್ದೆ ಇವತ್ತೇ ಒಳಗೆ ಬರ್ತಿದ್ಲು."

ಅವನು ಬಿಚ್ಚಿದ್ದ ಫೈಲಿನತ್ತ ನೋಡಿದ.

"ನಲವತ್ತೊಂದಕ್ಕೆ ಹನ್ನೊಂದು ಕೂಡಿದ್ರೆ ಐವತ್ತೆರಡು. ಅವರ ಲೆಕ್ಕ ಸರಿಯಾಗಿದೆ. ನಮ್ಮ ಫೈಲಲ್ಲಿ ಮಾತ್ರ ನಲವತ್ತೇಳು ಅಂತಿದೆ, ನನ್ನ ಸಹಿ ಬೇರೆ ಇದೆ. ಬೋರ್ಡಿಗೆ ಫೋನ್ ಮಾಡಿ ಕೇಳ್ದೆ. ಅವರ ಹತ್ರ ಇರೋ ಎಂಟನೇ ಹಾಳೆಯಲ್ಲಿ ನಲವತ್ತೊಂದೇ ಇದೆಯಂತೆ." ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಒಂಬತ್ತನೇ ಕಲಂ ನಾನು ನಿಮಗೆ ಓದಿ ಹೇಳ್ಬೇಕಾಗಿಲ್ಲ."

"ಅವಳಿಗೆ ಏನೂ ಗೊತ್ತಿಲ್ಲ ಮೇಡಮ್," ಎಂದ. ಆ ಮಾತನ್ನು ಆ ಬಾಗಿಲಲ್ಲಿ ಹಿಂದೊಬ್ಬನ ಬಾಯಲ್ಲಿ ಕೇಳಿದ್ದ.

"ನಂಗೂ ಗೊತ್ತು. ಆದ್ರೆ ಆ ಕಲಮಿಗೆ ಗೊತ್ತಿಲ್ವಲ್ಲ," ಎಂದರು ಅವರು. ಕಾಗದದ ಇನ್ನೊಂದು ಪ್ರತಿ ನಿನ್ನೆಯೇ ನಿಮ್ಮ ಮನೆಗೆ ಬಂದಿರಬೇಕು, ಮಗಳು ಹೇಳಲಿಲ್ಲವೇ ಎಂದು ಕೇಳಿದರು. ಸಂಜೆ ಹೇಳುತ್ತೇನೆ ಎಂದಿದ್ದಾಳೆ ಎಂದು ಅವನು ಹೇಳಿದ.

ಕಾಗದದ ಹಿಂದೆ ಮರುಎಣಿಕೆಯ ಅರ್ಜಿಯ ನಕಲನ್ನೂ ಪಿನ್ ಮಾಡಿದ್ದರು. ಪ್ರವೇಶ ಕೋರಿರುವ ಸಂಸ್ಥೆ ಎಂಬಲ್ಲಿ ಮಗಳ ದುಂಡನೆಯ ಅಕ್ಷರದಲ್ಲಿ ಈ ಸಂಸ್ಥೆಯ ಹೆಸರಿತ್ತು. ಬೋರ್ಡಿನವರು ಇಲ್ಲಿಗೂ ಬರೆದದ್ದು ಅದಕ್ಕೇ. ಕೆಳಗೆ ಪೋಷಕರ ಸಹಿ. ಅದು ತನ್ನದಲ್ಲ, ಮಗಳೇ ಹಾಕಿರಬೇಕು ಎಂದು ಅವನು ಒಂದು ಕ್ಷಣ ಆಸೆಪಟ್ಟ. ಆದರೆ ಬಾಲ ಎಳೆದದ್ದು ಅವನದೇ, ತಾರೀಖು ಆ ಭಾನುವಾರದ್ದೇ. ಅವನು ಅರ್ಜಿಯನ್ನು ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ, ಒಂದಕ್ಷರವೂ ಬಿಡದೆ, ಈಗ ಓದಿದ. ಸಂಸ್ಥೆಯ ನಮೂನೆಯನ್ನು ಬರೆದವನು ಅವನು. ಅದರಲ್ಲಿ ಪೋಷಕರು ಸಹಿ ಹಾಕಬೇಕಾದ ಜಾಗ ಐದು. ಅಡುಗೆಮನೆಯಲ್ಲಿ, ಮಗಳ ಬೆರಳನ್ನು ನೋಡುತ್ತ, ಅವನು ಆರು ಸಲ ಸಹಿ ಹಾಕಿದ್ದ.